ಓದುಗರ ಪ್ರಶ್ನೆ: ನೆರೆಹೊರೆಯ ಏಷ್ಯಾ

ಏಷ್ಯಾದ ದೇಶಗಳ ಇವತ್ತಿನ ರಾಜಕೀಯ, ಜನಜೀವನದ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಯುತ್ತದಲ್ಲ, ಅದರ ಕುರಿತು ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪತ್ರಗಳು ತುಂಬ ಬಂದಿವೆ. ಒಂದೇ ತರಹದವನ್ನು ಒಟ್ಟು ಸೇರಿಸಿ ಎಂಟು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಮೇಡಂ, ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಪಿಎಚ್‌.ಡಿ.ಗೆ ‘ಏಷ್ಯಾದಲ್ಲಿ ಪ್ರಜಾಪ್ರಭುತ್ವ’ ಅನ್ನುವ ವಿಷಯ ತೆಗೆದುಕೊಳ್ಳಬೇಕು ಅಂತಿದ್ದೇನೆ. ಗೈಡ್ ಆಗುವವರು ‘ತುಂಬಾ ದೊಡ್ಡದಾಯ್ತಮ್ಮ’ ಅಂತಾರೆ. ದೊಡ್ಡ ವಿಷಯ ತೆಗೆದುಕೊಂಡರೆ ತಪ್ಪೇನು?
— ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಗೈಡ್ ಹೇಳಿದ್ದು ಸರಿ ಇದೆ. ಏಷ್ಯಾ ಅಂದರೆ ಟರ್ಕಿಯಿಂದ ಜಪಾನಿನವರೆಗೆ. ಅಷ್ಟನ್ನೂ ಒಂದೇ ಪ್ರಬಂಧದಲ್ಲಿ ಹಿಡಿಯಲು ಹೋದರೆ ನೀವು ಬೇರೆಯವರು ಬರೆದದ್ದನ್ನು ಓದಿ ಸಾರಾಂಶ ಬರೆಯುತ್ತೀರಿ ಅಷ್ಟೆ. ನಾಲ್ಕು ವರ್ಷ ಕಳೆದ ಮೇಲೂ ಇದು ನಾನೇ ಕಂಡುಕೊಂಡದ್ದು ಅಂತ ತೋರಿಸುವುದಕ್ಕೆ ಏನೂ ಇರುವುದಿಲ್ಲ.

ಚಿಕ್ಕ ಪ್ರಶ್ನೆಯಿಂದ ಎಷ್ಟು ದೊಡ್ಡದು ಸಿಗುತ್ತದೆ ಅನ್ನುವುದಕ್ಕೆ ನಮ್ಮ ಮಂಡ್ಯದ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಅಂತ ಒಬ್ಬ ಸಂಶೋಧಕಿ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಹೋದವರು. 1954ರಲ್ಲಿ ಮಂಡ್ಯ ಸೀಮೆಗೆ ಬಂದು ಸುಮಾರು ಎರಡು ವರ್ಷ ಹಳ್ಳಿಗಳಲ್ಲೇ ಉಳಿದರು. ಎರಡು ಊರು ಆರಿಸಿಕೊಂಡರು. ಅವಕ್ಕೆ ವಾಂಗಲ, ದಾಲೇನ ಅಂತ ಹೆಸರಿಟ್ಟರು, ಊರಿನವರಿಗೆ ತೊಂದರೆ ಆಗಬಾರದು ಅಂತ ನಿಜವಾದ ಹೆಸರು ಬರೆಯಲಿಲ್ಲ. ವಾಂಗಲಕ್ಕೆ ನಾಲೆ ನೀರು ಬಂತು. ದಾಲೇನ ಎತ್ತರದಲ್ಲಿತ್ತು, ಸುತ್ತಲಿನ ಊರಿಗೆಲ್ಲ ನೀರು ಬಂದರೂ ಅದಕ್ಕೆ ಬರಲಿಲ್ಲ. ಅವರ ಪ್ರಶ್ನೆ ಇಷ್ಟೇ: ನೀರು ಬಂದ ಊರು ಹೇಗೆ ಬದಲಾಯಿತು, ಬಾರದ ಊರು ಹೇಗೆ ಬದಲಾಯಿತು?

ನೀರು ಬಂದ ಊರೇ ಜಾಸ್ತಿ ಬದಲಾಗಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಅವರು ಕಂಡದ್ದು ಉಲ್ಟಾ. ವಾಂಗಲದಲ್ಲಿ ಕಬ್ಬು ಬಂತು, ದುಡ್ಡು ಬಂತು, ಆದರೆ ಕೆಲಸ ಬೇಸಾಯವೇ ಆಗಿದ್ದರಿಂದ ಒಕ್ಕಲು ಮನೆ ಮತ್ತು ಆಳಿನ ಮನೆಯ ನಡುವಿನ ಹಳೆಯ ಸಂಬಂಧ, ಜಾತಿಯ ಕಟ್ಟುಪಾಡು ಹಾಗೇ ಉಳಿದವು. ದಾಲೇನದವರು ಹೊಟ್ಟೆಪಾಡಿಗೆ ಹೊರಗೆ ಹೋಗಲೇಬೇಕಾಯಿತು. ಮಂಡ್ಯದಲ್ಲಿ ಕೆಲಸ ಹಿಡಿದರು, ಗಾಡಿ ಹೊಡೆದರು, ವ್ಯಾಪಾರ ಮಾಡಿದರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ. 1970ರಲ್ಲಿ ಅದೇ ಊರುಗಳಿಗೆ ಮತ್ತೆ ಬಂದು ನೋಡಿಯೂ ಬರೆದರು. ನೀರಾವರಿ ಮಾಡಿದರೆ ಸಮಾಜ ತಾನೇ ಬದಲಾಗುತ್ತದೆ ಅನ್ನುವ ಮಾತು ಅಷ್ಟು ಸಲೀಸಲ್ಲ ಅಂತ ಈ ಎರಡು ಹಳ್ಳಿಗಳು ಜಗತ್ತಿನ ವಿದ್ವಾಂಸರಿಗೆ ತೋರಿಸಿದವು.

ಹಾಗಾಗಿ ನಿಮ್ಮ ವಿಷಯವನ್ನು ಇಳಿಸಿ, ಇಳಿಸಿ, ನಿಮ್ಮ ಕೈಗೆ ಸಿಗುವಷ್ಟು ಮಾಡಿ. ಎರಡು ಊರು, ಎರಡು ಪಕ್ಷ, ಒಂದು ಕಾನೂನು, ಹೀಗೆ. ಆಮೇಲೆ, ಟಿಪ್ಪಣಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಇದನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಬರೆದುಕೊಂಡಿದ್ದನ್ನು ವರ್ಷಗಟ್ಟಲೆ ಕೂತು ಜೋಡಿಸಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಗೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ ಅದರ ಮೂರೂ ಪ್ರತಿಗಳು ಅಲ್ಲೇ ಇದ್ದವು. ಅವರು ಬಹುಪಾಲು ನೆನಪಿನಿಂದಲೇ ಪುಸ್ತಕ ಬರೆದರು. ಎಲ್ಲರಿಗೂ ಅಂಥ ನೆನಪು ಇರುವುದಿಲ್ಲ.

ಶ್ರೀಲಂಕಾ, ಬಾಂಗ್ಲಾದೇಶ, ನೇಪಾಳ. ಮೂರೇ ವರ್ಷದಲ್ಲಿ ಮೂರು ಕಡೆ ಹುಡುಗರು ಬೀದಿಗಿಳಿದು ಸರ್ಕಾರ ಬೀಳಿಸಿದರು. ಟೀವಿಯಲ್ಲಿ ದಿನವೂ ‘ವಿದೇಶಿ ಕೈವಾಡ’ ಅಂತಾರೆ. ಅಧ್ಯಯನ ಮಾಡುವವರು ಏನಂತಾರೆ?
— ನಿವೃತ್ತ ಶಿಕ್ಷಕ, ಶಿರಸಿ

ಮೇಷ್ಟ್ರೇ, ‘ವಿದೇಶಿ ಕೈ’ ಅಂದುಬಿಟ್ಟರೆ ಆ ದೇಶದ ಜನ ಏನು ಅನುಭವಿಸಿದರು ಅಂತ ಕೇಳುವ ಕೆಲಸವೇ ಮುಗಿದುಹೋಗುತ್ತದೆ. ಅದಕ್ಕೇ ಆ ಮಾತು ಟೀವಿಗೆ ಅನುಕೂಲ. ಸಂಶೋಧಕರು ಮೊದಲು ಮಾಡುವುದು ಮೂರನ್ನೂ ಬಿಡಿಸಿ ನೋಡುವುದು.

ಶ್ರೀಲಂಕಾದ್ದು ಅಡುಗೆಮನೆಯಿಂದ ಎದ್ದ ಸಿಟ್ಟು. 2021ರ ಏಪ್ರಿಲ್‌ನಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರ್ ನಿಲ್ಲಿಸಿತು, ಬೆಳೆ ಬಿತ್ತು. ಬೊಕ್ಕಸದಲ್ಲಿ ಡಾಲರ್ ಇರಲಿಲ್ಲ, ಪೆಟ್ರೋಲ್ ಬಂಕ್ ಮುಂದೆ ಮೈಲಿಗಟ್ಟಲೆ ಸಾಲು, ಗ್ಯಾಸ್ ಇಲ್ಲ, ಔಷಧ ಇಲ್ಲ. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲು ಆಗುವುದಿಲ್ಲ ಅಂತ ಸರ್ಕಾರವೇ ಕೈಚೆಲ್ಲಿತು. ಜುಲೈನಲ್ಲಿ ಜನ ಅಧ್ಯಕ್ಷರ ಮನೆಗೆ ನುಗ್ಗಿದರು, ಗೋಟಬಯ ರಾಜಪಕ್ಸ ದೇಶ ಬಿಟ್ಟರು.

ಬಾಂಗ್ಲಾದೇಶದಲ್ಲಿ ಕಿಡಿ ಹತ್ತಿದ್ದು ಸರ್ಕಾರಿ ನೌಕರಿಯ ಮೀಸಲಾತಿಯಿಂದ. ಸ್ವಾತಂತ್ರ್ಯ ಹೋರಾಟಗಾರರ ವಂಶದವರಿಗೆ ಶೇ. 30 ಇತ್ತು. ಅದನ್ನು 2018ರಲ್ಲಿ ತೆಗೆದಿದ್ದರು, 2024ರ ಜೂನ್‌ನಲ್ಲಿ ಹೈಕೋರ್ಟ್ ಮತ್ತೆ ತಂದಿತು. ಜುಲೈ 21ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಶೇ. 5ಕ್ಕೆ ಇಳಿಸಿತು. ಬೇಡಿಕೆ ಈಡೇರಿದಂತೆಯೇ ಆಯಿತಲ್ಲ, ಆದರೂ ಯಾಕೆ ನಿಲ್ಲಲಿಲ್ಲ? ಯಾಕೆಂದರೆ ಅಷ್ಟರಲ್ಲಿ ಗುಂಡು ಹಾರಿತ್ತು. ಆ ಜುಲೈ 1ರಿಂದ ಆಗಸ್ಟ್ 15ರವರೆಗೆ ಸುಮಾರು 1,400 ಜನರವರೆಗೆ ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಲೆಕ್ಕ ಹಾಕಿದೆ. ಮೀಸಲಾತಿಯ ಜಗಳ ಹೆಣಗಳ ಲೆಕ್ಕ ಕೇಳುವ ಜಗಳವಾಯಿತು. ಹದಿನೈದು ವರ್ಷದಿಂದ ಅಧಿಕಾರದಲ್ಲಿದ್ದ ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟರು.

ನೇಪಾಳದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಜಾಲತಾಣಗಳನ್ನು ಸರ್ಕಾರ ಬಂದ್ ಮಾಡಿತು. ಹೊರಗಿನವರು ಇದನ್ನು ಸುಮ್ನೆ ಮೊಬೈಲ್ ಹುಚ್ಚು ಅಂದುಕೊಂಡರು. ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗದಷ್ಟು ದುಡ್ಡು ಹೊರದೇಶದಲ್ಲಿ ದುಡಿಯುವ ಮಕ್ಕಳು ಕಳಿಸುವುದು ಮೇಷ್ಟ್ರೇ. ಗಲ್ಫ್, ಮಲೇಷ್ಯಾದಲ್ಲಿರುವ ಮಗನ ಮುಖ ನೋಡುವುದು ಆ ಫೋನಿನಲ್ಲೇ. ಜೊತೆಗೆ, ರಾಜಕಾರಣಿಗಳ ಮಕ್ಕಳ ಐಷಾರಾಮದ ಚಿತ್ರಗಳು ಅದೇ ಫೋನಿನಲ್ಲಿ ಹರಿದಾಡುತ್ತಿದ್ದವು. ಸೆಪ್ಟೆಂಬರ್ 8ರಂದು ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು.

ಮೂರೂ ಕಡೆ ಓದಿದ ಹುಡುಗರಿಗೆ ಕೆಲಸ ಇರಲಿಲ್ಲ, ಅಧಿಕಾರ ಕೆಲವೇ ಮನೆಗಳಲ್ಲಿ ಸುತ್ತುತ್ತಿತ್ತು. ಇದು ಸಮಾನ ಅಂಶ. ಆದರೆ ಇಲ್ಲಿಗೆ ನಿಲ್ಲಿಸಬಾರದು. ಇದೇ ಸಿಟ್ಟು 2025ರ ಆಗಸ್ಟ್‌ನಲ್ಲಿ ಇಂಡೋನೇಷ್ಯಾದಲ್ಲೂ ಇತ್ತು. ಸಂಸದರಿಗೆ ಮನೆ ಭತ್ಯೆಯಾಗಿ ತಿಂಗಳಿಗೆ 5 ಕೋಟಿ ರುಪಿಯಾ ಕೊಡುತ್ತಿದ್ದರು, ಜಕಾರ್ತದ ಕನಿಷ್ಠ ಕೂಲಿಯ ಹತ್ತಿರ ಹತ್ತರಷ್ಟು. ಬೀದಿಗಳು ಹೊತ್ತಿ ಉರಿದವು, ಆದರೆ ಸರ್ಕಾರ ಬೀಳಲಿಲ್ಲ. ಯಾಕೆ? ಇದು ನಿಜವಾದ ಸಂಶೋಧನೆಯ ಪ್ರಶ್ನೆ. ಬಿದ್ದ ಮನೆಗಳನ್ನಷ್ಟೇ ನೋಡಿದರೆ ಸಾಲದು, ಅದೇ ಮಳೆಗೆ ನಿಂತ ಮನೆಯನ್ನೂ ನೋಡಬೇಕು. ಸೈನ್ಯ ಯಾರ ಕಡೆ ಇತ್ತು, ಸರ್ಕಾರ ಎಲ್ಲಿ ಬಗ್ಗಿತು, ವಿರೋಧ ಪಕ್ಷ ಇತ್ತೋ ಇಲ್ಲವೋ, ಹೀಗೆ ಒಂದೊಂದಾಗಿ ಹುಡುಕಬೇಕು. ನಿಧಾನದ ಕೆಲಸ. ಟೀವಿಗೆ ಆ ತಾಳ್ಮೆ ಇಲ್ಲ.

ಅಲ್ಲಿ ಹುಡುಗರು ಎದ್ದರು ಸರಿ. ನಮ್ಮ ಕಡೆ ಭತ್ತದ ಗದ್ದೆಗೆ ಕೊಯ್ಲಿನ ಮಷಿನ್ ಬಂದು ಕೂಲಿಯವರ ಕೆಲಸ ಹೋಯ್ತು. ಯಾರೂ ಬಾಯಿ ಬಿಡಲಿಲ್ಲ. ಬಡವರು ಯಾಕೆ ಏಳೋದಿಲ್ಲ?
— ಓದುಗ, ಗಂಗಾವತಿ

ನಿಮ್ಮ ಪ್ರಶ್ನೆಯನ್ನೇ ಹಿಡಿದುಕೊಂಡು ಒಬ್ಬರು ಮಲೇಷ್ಯಾದ ಹಳ್ಳಿಯಲ್ಲಿ ಹೋಗಿ ಕೂತಿದ್ದರು ಅಂದರೆ ನಂಬುತ್ತೀರಾ? ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಸ್ಕಾಟ್. 1978ರಿಂದ 1980ರವರೆಗೆ ಕೆಡಾ ರಾಜ್ಯದಲ್ಲಿ, ಎಪ್ಪತ್ತು ಮನೆಗಳ ಭತ್ತ ಬೆಳೆಯುವ ಒಂದು ಊರಿನಲ್ಲಿ ಸಂಸಾರ ಸಮೇತ ಇದ್ದರು. ಅಲ್ಲೂ ಇದೇ ಕಥೆ. ನೀರಾವರಿ ಬಂತು, ವರ್ಷಕ್ಕೆ ಎರಡು ಬೆಳೆ ಬಂತು, ಹಿಂದೆಯೇ ಕೊಯ್ಲಿನ ಮಷಿನ್ ಬಂತು. ಕೊಯ್ಯುವ, ಬಡಿಯುವ ಕೂಲಿ ಹೋಯಿತು. ದಂಗೆ ಮಾತ್ರ ಆಗಲಿಲ್ಲ.

ಹೊರಗಿನಿಂದ ನೋಡಿದವರು ಬಡವರು ಒಪ್ಪಿಕೊಂಡುಬಿಟ್ಟಿದ್ದಾರೆ ಅಂತ ಬರೆಯುತ್ತಿದ್ದರು. ಸ್ಕಾಟ್ ಅಲ್ಲೇ ಇದ್ದುದರಿಂದ ಬೇರೆಯದೇ ಕೇಳಿಸಿತು. ಸಾಹುಕಾರನ ಮುಂದೆ ತಲೆಬಾಗುವವನು ಹಿಂದೆ ಅವನಿಗೊಂದು ಅಡ್ಡಹೆಸರು ಇಟ್ಟಿರುತ್ತಾನೆ. ಮಷಿನ್ ತರಿಸಿದವನ ಗದ್ದೆಯಲ್ಲಿ ನಾಟಿಗೆ ಬರಲು ಹೆಂಗಸರು ‘ಇವತ್ತಾಗಲ್ಲ, ನಾಳೆ’ ಅನ್ನುತ್ತಾರೆ. ಮೂಟೆಯಿಂದ ಸ್ವಲ್ಪ ಭತ್ತ ಕಾಣೆಯಾಗುತ್ತದೆ. ಕೆಲಸ ನಿಧಾನವಾಗುತ್ತದೆ. ಯಾರೂ ಹೆಸರು ಹೇಳಿ ಎದುರು ನಿಲ್ಲುವುದಿಲ್ಲ. ಯಾಕೆ ನಿಲ್ಲುವುದಿಲ್ಲ ಅಂತ ನಮ್ಮ ಗಾದೆ ಯಾವತ್ತೋ ಹೇಳಿದೆ, ಬಡವನ ಕೋಪ ದವಡೆಗೆ ಮೂಲ. ಸ್ಕಾಟ್ ಹೇಳಿದ್ದು, ಆ ಕೋಪ ಎಲ್ಲೂ ಹೋಗಿರುವುದಿಲ್ಲ, ದವಡೆ ಉಳಿಸಿಕೊಳ್ಳುವ ದಾರಿಯಲ್ಲಿ ಹರಿಯುತ್ತಿರುತ್ತದೆ ಅಂತ. ಬಡವರಿಗೆ ಏನೂ ಗೊತ್ತಾಗುವುದಿಲ್ಲ ಅನ್ನುವ ವಿದ್ವಾಂಸರ ಅಹಂಕಾರಕ್ಕೆ ಇದು ದೊಡ್ಡ ಪೆಟ್ಟು ಕೊಟ್ಟಿತು.

ಹಾಗಂತ ಇದರಿಂದ ಆ ಕೂಲಿಯವರಿಗೆ ಕೆಲಸ ವಾಪಸ್ ಬರಲಿಲ್ಲ. ಅದನ್ನೂ ನೆನಪಿಡಬೇಕು. ನೀವು ಗಂಗಾವತಿಯವರು, ಸಿಂಧನೂರು, ಕಾರಟಗಿ ಕಡೆಯೆಲ್ಲ ಓಡಾಡುತ್ತೀರಿ. ಮಷಿನ್ ಬಂದ ವರ್ಷ ಕೂಲಿ ಹೆಂಗಸರು ಏನು ಮಾತಾಡಿಕೊಂಡರು, ಯಾರು ಊರು ಬಿಟ್ಟರು, ಅವರ ಹತ್ತಿರವೇ ಕೂತು ಕೇಳಿ ಬರೆದಿಡಿ. ದಯವಿಟ್ಟು ಮಾಡಿ. ಆ ವಯಸ್ಸಿನವರು ಇನ್ನೆಷ್ಟು ವರ್ಷ ಇರುತ್ತಾರೆ?

ಏಷ್ಯಾದವರಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ, ಗಟ್ಟಿ ನಾಯಕನೇ ಬೇಕು, ಸಿಂಗಾಪುರ ನೋಡಿ ಅಂತ ನಮ್ಮ ಆಫೀಸಿನಲ್ಲಿ ವಾದ. ನಿಮ್ಮ ಅಭಿಪ್ರಾಯ?
— ಬ್ಯಾಂಕ್ ಉದ್ಯೋಗಿ, ಹಾಸನ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಾನು ಇದನ್ನು ಒಪ್ಪುವುದಿಲ್ಲ.

ಈ ವಾದ ಹಳೆಯದು. 1990ರ ದಶಕದಲ್ಲಿ ಸಿಂಗಾಪುರದ ಲೀ ಕ್ವಾನ್ ಯೂ, ಮಲೇಷ್ಯಾದ ಮಹಾತಿರ್, ಈ ಇಬ್ಬರು ನಾಯಕರೂ ‘ಏಷ್ಯಾದ ಮೌಲ್ಯ’ ಅಂತ ಹೇಳುತ್ತಿದ್ದರು. ನಮಗೆ ಸಂಸಾರ, ಶಿಸ್ತು, ಹಿರಿಯರ ಮಾತು ಮುಖ್ಯ, ಪಶ್ಚಿಮದವರ ಹಕ್ಕುಗಳ ಮಾತು ನಮಗೆ ಹೊಂದುವುದಿಲ್ಲ ಅಂತ. ಇದಕ್ಕೆ ಉತ್ತರ ಕೊಟ್ಟವರು ಯುರೋಪಿನವರಲ್ಲ. ದಕ್ಷಿಣ ಕೊರಿಯಾದ ವಿರೋಧ ಪಕ್ಷದ ನಾಯಕ ಕಿಮ್ ಡೇ ಜಂಗ್. ಸರ್ವಾಧಿಕಾರಿಗಳು ಅವರನ್ನು 1973ರಲ್ಲಿ ಟೋಕಿಯೊದ ಹೋಟೆಲಿನಿಂದ ಅಪಹರಿಸಿದ್ದರು, 1980ರಲ್ಲಿ ಮರಣದಂಡನೆ ಹಾಕಿದ್ದರು. ಅಂಥವರು 1994ರಲ್ಲಿ ಬರೆದರು: ದುಷ್ಟ ರಾಜನನ್ನು ಇಳಿಸುವ ಹಕ್ಕು ಜನರಿಗಿದೆ ಅಂತ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಚೀನಾದ ತತ್ವಜ್ಞಾನಿ ಮೆನ್ಸಿಯಸ್ ಹೇಳಿದ್ದಾನೆ, ಇದು ನಮ್ಮದೇ ಚಿಂತನೆ ಅಂತ. 1998ರಲ್ಲಿ ಅವರೇ ಅಧ್ಯಕ್ಷರಾದರು.

ಇನ್ನೊಂದು ರಾತ್ರಿಯ ವಿಷಯ ಹೇಳಿಬಿಡುತ್ತೇನೆ. 2024ರ ಡಿಸೆಂಬರ್ 3. ಅದೇ ಕೊರಿಯಾದಲ್ಲಿ ಅಧ್ಯಕ್ಷ ಯೂನ್ ಸುಕ್ ಯೋಲ್ ರಾತ್ರಿ ಹತ್ತೂವರೆ ಹೊತ್ತಿಗೆ ಸೈನಿಕ ಕಾನೂನು ಹೇರಿದರು. ಸೈನಿಕರು ಸಂಸತ್ತಿಗೆ ಬಂದರು. ಸಂಸದರು ಬೇಲಿ ಹಾರಿ ಒಳಗೆ ಹೋದರು, ಹೊರಗೆ ಜನ ಸೈನಿಕರಿಗೆ ಅಡ್ಡ ನಿಂತರು. ರಾತ್ರಿ ಒಂದು ಗಂಟೆ ಹೊತ್ತಿಗೆ ಒಳಗಿದ್ದ 190 ಸಂಸದರಲ್ಲಿ 190 ಜನವೂ ಅದನ್ನು ರದ್ದು ಮಾಡಬೇಕು ಅಂತ ಮತ ಹಾಕಿದರು. ಬೆಳಗಾಗುವ ಮೊದಲೇ ಸೈನಿಕ ಕಾನೂನು ಹೋಯಿತು. ನಾಲ್ಕು ತಿಂಗಳಲ್ಲಿ ಅಧ್ಯಕ್ಷರೂ ಹೋದರು. 1980ರಲ್ಲಿ ಗ್ವಾಂಗ್ಜು ಊರಿನಲ್ಲಿ ಸೈನ್ಯ ಜನರನ್ನು ಕೊಂದದ್ದನ್ನು ಕಂಡ ಮತ್ತು ಕೇಳಿದ ತಲೆಮಾರು ಆ ರಾತ್ರಿ ಬೀದಿಯಲ್ಲಿತ್ತು. ಇವರಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲವಾ?

ನನ್ನ ಮಗಳು ದಿನವೂ ಕೊರಿಯನ್ ಸೀರಿಯಲ್ ನೋಡುತ್ತಾಳೆ. ಅಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ ಅಂತ ಪೇಪರಿನಲ್ಲಿ ಓದಿದೆ. ನಿಜವಾ? ಅಷ್ಟು ಶ್ರೀಮಂತ ದೇಶದಲ್ಲಿ ಯಾಕೆ ಹೀಗೆ?
— ಗೃಹಿಣಿ, ದಾವಣಗೆರೆ

ನಿಜ ಅಕ್ಕ. ಜನಸಂಖ್ಯೆ ಕಡಿಮೆಯಾಗದೆ ಇರಬೇಕಾದರೆ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಾಗಬೇಕು. ಕೊರಿಯಾದಲ್ಲಿ 2023ರಲ್ಲಿ ಅದು 0.72ಕ್ಕೆ ಬಂದಿತ್ತು. 2024ರಲ್ಲಿ ಸ್ವಲ್ಪ ಏರಿ 0.75. 1970ರಲ್ಲಿ ವರ್ಷಕ್ಕೆ 10 ಲಕ್ಷ ಕೂಸುಗಳು ಹುಟ್ಟುತ್ತಿದ್ದ ದೇಶದಲ್ಲಿ 2023ರಲ್ಲಿ ಹುಟ್ಟಿದ್ದು ಸುಮಾರು 2.3 ಲಕ್ಷ.

ನಮ್ಮ ಹಾಗೇ ಅವರದ್ದೂ ಒಂದು ಘೋಷಣೆ ಇತ್ತು. 1970ರ ದಶಕದಲ್ಲಿ ಅವರ ಗೋಡೆಗಳ ಮೇಲೆ ‘ಗಂಡು ಹೆಣ್ಣು ಅನ್ನದೆ ಎರಡೇ ಹೆತ್ತು ಚೆನ್ನಾಗಿ ಬೆಳೆಸೋಣ’ ಅಂತ ಬರೆಯುತ್ತಿದ್ದರು. ನಾವಿಬ್ಬರು ನಮಗಿಬ್ಬರು! ಈಗ ಅದೇ ಸರ್ಕಾರ ಹೆತ್ತವರಿಗೆ ದುಡ್ಡು ಕೊಡುತ್ತಿದೆ, ಆದರೂ ಹುಟ್ಟುತ್ತಿಲ್ಲ.

ಯಾಕೆ ಅಂತ ಅಲ್ಲಿನ ಸಮಾಜಶಾಸ್ತ್ರಜ್ಞರು, ವಿಶೇಷವಾಗಿ ಮಹಿಳಾ ಸಂಶೋಧಕರು, ಬೇಕಾದಷ್ಟು ಬರೆದಿದ್ದಾರೆ. ಸೋಲ್ ನಗರದಲ್ಲಿ ಮನೆ ಮಾಡುವುದು ಹೊಸ ಜೋಡಿಗೆ ಕೈಗೆಟುಕದ ಮಾತು. ಮಗು ಹುಟ್ಟಿದರೆ ಟ್ಯೂಷನ್ ಖರ್ಚು, ಅಲ್ಲಿ ‘ಹಾಗ್ವೊನ್’ ಅಂತಾರೆ, ಶಾಲೆ ಮುಗಿಸಿ ರಾತ್ರಿ ಹತ್ತರವರೆಗೆ ಮಕ್ಕಳು ಅಲ್ಲೇ ಇರುತ್ತಾರೆ. ಕೆಲಸದ ಗಂಟೆಗಳು ಜಾಸ್ತಿ. ಹೆರಿಗೆ ರಜೆಗೆ ಹೋದ ಹೆಂಗಸು ಕೆಲಸದಲ್ಲಿ ಹಿಂದೆ ಬೀಳುತ್ತಾಳೆ. ಗಂಡಸಿನ ಮತ್ತು ಹೆಂಗಸಿನ ಸಂಬಳದ ಅಂತರ ಸುಮಾರು ಶೇ. 30, ಶ್ರೀಮಂತ ದೇಶಗಳಲ್ಲೇ ದೊಡ್ಡದು. ಮನೆಗೆ ಬಂದರೆ ಅಡುಗೆ, ಅತ್ತೆ ಮಾವ, ಮಗು ಎಲ್ಲ ಅವಳದೇ. ಓದಿದ, ದುಡಿಯುವ ಹುಡುಗಿ ಇದನ್ನೆಲ್ಲ ನೋಡಿ ಮದುವೆಯೇ ಬೇಡ ಅನ್ನುತ್ತಾಳೆ. ಅವಳಿಗೆ ಸ್ವಾರ್ಥ ಅಂತ ಹೆಸರಿಡುವವರು ಬಹಳ ಜನ. ನನಗೆ ಅದು ಸ್ವಾರ್ಥವಾಗಿ ಕಾಣುವುದಿಲ್ಲ.

ಅಂದ ಹಾಗೆ, ಕರ್ನಾಟಕದ್ದು ಎಷ್ಟು ಗೊತ್ತಾ? 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1.7. ನಾವೂ 2.1ಕ್ಕಿಂತ ಕೆಳಗೇ ಇದ್ದೇವೆ. ಮಗಳ ಜೊತೆ ಕೂತು ಆ ಸೀರಿಯಲ್ ನೋಡಿ. ಅತ್ತೆ ಸೊಸೆ ಮಾತು ಬಂದಾಗ ಇಬ್ಬರಿಗೂ ಮಾತಾಡಲು ಬಹಳ ಸಿಗುತ್ತದೆ.

ಬರೀ ಎರಡು ಮೂರು ಸಾವಿರ ಜನರನ್ನು ಕೇಳಿ ಇಡೀ ದೇಶದ ಮನಸ್ಸು ಹೇಳುತ್ತಾರಲ್ಲ, ಈ ಸಮೀಕ್ಷೆಗಳನ್ನು ನಂಬಬಹುದಾ?
— ಪದವಿ ಕಾಲೇಜು ಉಪನ್ಯಾಸಕ, ರಾಯಚೂರು

ಅನ್ನ ಬೆಂದಿದೆಯಾ ಅಂತ ಒಂದಗುಳು ಹಿಸುಕಿ ನೋಡುತ್ತೇವೆ. ಇಡೀ ಪಾತ್ರೆ ತಿನ್ನುವುದಿಲ್ಲ. ಆದರೆ ಪಾತ್ರೆಯನ್ನು ಚೆನ್ನಾಗಿ ತಿರುವಿರಬೇಕು, ಮೇಲಿನ ಅಗುಳು ಮಾತ್ರ ತೆಗೆದರೆ ತಳ ಸೀದಿರುವುದು ಗೊತ್ತಾಗುವುದಿಲ್ಲ. ಸಮೀಕ್ಷೆಯೂ ಅಷ್ಟೇ. ಎಷ್ಟು ಜನ ಅನ್ನುವುದಕ್ಕಿಂತ ಹೇಗೆ ಆರಿಸಿದರು ಅನ್ನುವುದು ಮುಖ್ಯ. ಮತದಾರರ ಪಟ್ಟಿಯಿಂದ ಲಾಟರಿಯಂತೆ ಎತ್ತಿ, ಮನೆಗೆ ಹೋಗಿ, ಅವರದೇ ಭಾಷೆಯಲ್ಲಿ ಕೇಳಿದರೆ ಎರಡು ಸಾವಿರ ಸಾಕು. ದೆಹಲಿಯಲ್ಲಿ ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿ 1963ರಲ್ಲಿ ಶುರು ಮಾಡಿದ ಸಿಎಸ್‌ಡಿಎಸ್ ಅನ್ನುವ ಸಂಶೋಧನಾ ಸಂಸ್ಥೆಯ ಚುನಾವಣಾ ಅಧ್ಯಯನಗಳು ಹೀಗೆ ನಡೆಯುತ್ತವೆ. ಪೂರ್ವ ಏಷ್ಯಾದ ಬಹಳ ದೇಶಗಳಲ್ಲಿ ತೈವಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯದಿಂದ ಸಾಗುವ ಏಷ್ಯನ್ ಬ್ಯಾರೋಮೀಟರ್ ಅನ್ನುವ ಸಮೀಕ್ಷೆ ಇದೆ.

ನಿಜವಾದ ತೊಡಕು ಬೇರೆ. ಭಯ. ಚೀನಾ, ವಿಯೆಟ್ನಾಂನಂಥ ಕಡೆ ‘ಸರ್ಕಾರದ ಮೇಲೆ ನಂಬಿಕೆ ಇದೆಯಾ’ ಅಂತ ಅಪರಿಚಿತರು ಬಂದು ಕೇಳಿದರೆ ಯಾರು ಇಲ್ಲ ಅಂತಾರೆ? ಇದಕ್ಕೆ ಸಂಶೋಧಕರು ಒಂದು ಜಾಣ ಉಪಾಯ ಕಂಡುಹಿಡಿದಿದ್ದಾರೆ. ಜನರನ್ನು ಎರಡು ಗುಂಪು ಮಾಡುತ್ತಾರೆ. ಮೊದಲ ಗುಂಪಿಗೆ ಮೂರು ಸಾಧಾರಣ ಹೇಳಿಕೆ ಕೊಟ್ಟು, ‘ಯಾವುದು ಅಂತ ಹೇಳಬೇಡಿ, ಎಷ್ಟನ್ನು ಒಪ್ಪುತ್ತೀರಿ ಅಂತ ಸಂಖ್ಯೆ ಮಾತ್ರ ಹೇಳಿ’ ಅನ್ನುತ್ತಾರೆ. ಎರಡನೇ ಗುಂಪಿಗೆ ಅದೇ ಮೂರರ ಜೊತೆ ‘ಸರ್ಕಾರವನ್ನು ಬೆಂಬಲಿಸುತ್ತೇನೆ’ ಅನ್ನುವ ನಾಲ್ಕನೆಯದು ಸೇರಿಸುತ್ತಾರೆ. ಮೊದಲ ಗುಂಪಿನ ಸರಾಸರಿ 2.1, ಎರಡನೆಯದು 2.7 ಬಂದರೆ, ನೂರರಲ್ಲಿ ಅರವತ್ತು ಜನ ಬೆಂಬಲಿಸುತ್ತಾರೆ ಅಂತ ಲೆಕ್ಕ. ಯಾವೊಬ್ಬರೂ ಸಿಕ್ಕಿಬೀಳುವುದಿಲ್ಲ. ಚೀನಾದಲ್ಲಿ ಹೀಗೆ ಕೇಳಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ನೇರವಾಗಿ ಕೇಳಿದಾಗ ಬರುವುದಕ್ಕಿಂತ ಬೆಂಬಲ ನೂರಕ್ಕೆ ಸುಮಾರು 25ರಷ್ಟು ಕಡಿಮೆ ಬಂತು. ಗಮನಿಸಿ, ಕಡಿಮೆ ಬಂದ ಮೇಲೂ ಬೆಂಬಲಿಸುವವರು ಬಹಳ ಜನ ಇದ್ದರು. ಎರಡೂ ಸತ್ಯ.

ಪುಸ್ತಕ ಬರೆಯುವ ಪ್ರೊಫೆಸರ್‌ಗಳನ್ನು ಕಂಡರೆ ಸರ್ಕಾರಗಳಿಗೆ ಯಾಕೆ ಭಯ?
— ವಕೀಲ, ಕಲಬುರಗಿ

ಅಧಿಕೃತ ಕಥೆಯ ಪಕ್ಕದಲ್ಲಿ ಇವರು ಇನ್ನೊಂದು ಕಥೆ ಇಟ್ಟುಬಿಡುತ್ತಾರೆ, ಅದಕ್ಕೆ. ಇಂಡೋನೇಷ್ಯಾದಲ್ಲಿ 1965–66ರಲ್ಲಿ ಕಮ್ಯುನಿಸ್ಟರು ಅಂತ ಹೇಳಿ ಕನಿಷ್ಠ ಐದು ಲಕ್ಷ ಜನರನ್ನು ಕೊಂದರು. ಅದಕ್ಕೆ ಸ್ವಲ್ಪ ಮೊದಲು ಆದ ದಂಗೆಯ ಪ್ರಯತ್ನ ಕಮ್ಯುನಿಸ್ಟರ ಪಿತೂರಿ ಅಂತ ಸೈನ್ಯ ಹೇಳಿತು. ಕಾರ್ನೆಲ್ ವಿಶ್ವವಿದ್ಯಾಲಯದ ಬೆನೆಡಿಕ್ಟ್ ಆಂಡರ್ಸನ್ ಮತ್ತು ಜೊತೆಯವರು ಪತ್ರಿಕೆಗಳನ್ನೂ ದಾಖಲೆಗಳನ್ನೂ ಸಾಲುಸಾಲಾಗಿ ಓದಿ, ಆ ದಂಗೆ ಸೈನ್ಯದ ಒಳಗಿನ ಜಗಳದಿಂದ ಹುಟ್ಟಿದ್ದು ಅಂತ ಬರೆದರು. ಆಂಡರ್ಸನ್‌ಗೆ 1972ರಲ್ಲಿ ಆ ದೇಶದ ಬಾಗಿಲು ಮುಚ್ಚಿತು. ದೇಶವನ್ನು ಆಳುತ್ತಿದ್ದ ಸೇನಾಧಿಕಾರಿ ಸುಹಾರ್ತೊ ಅಧಿಕಾರ ಹೋಗುವ 1998ರವರೆಗೆ ತೆರೆಯಲಿಲ್ಲ. ಇಪ್ಪತ್ತಾರು ವರ್ಷ! ಆ ಹೊತ್ತಿನಲ್ಲಿ ಅವರು ಥಾಯ್ ಭಾಷೆ ಕಲಿತು ಥಾಯ್ಲೆಂಡ್ ಅಧ್ಯಯನ ಮಾಡಿದರು, ಆಮೇಲೆ ಫಿಲಿಪೀನ್ಸ್. ಕೊನೆಗೆ 2015ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ತಾವು ಪ್ರೀತಿಸಿದ ಜಾವಾದಲ್ಲೇ. ಅದನ್ನು ಓದಿದಾಗ ನನಗೆ ಕಣ್ಣು ತುಂಬಿತ್ತು.

ಈಗಿನ ಕಾಲದಲ್ಲಿ ಇನ್ನೂ ಮೆತ್ತಗೆ ಕತ್ತರಿಸುತ್ತಾರೆ. 2017ರ ಆಗಸ್ಟ್‌ನಲ್ಲಿ ಚೀನಾದ ಒತ್ತಡಕ್ಕೆ ಕೇಂಬ್ರಿಡ್ಜ್ ಪ್ರಕಾಶನ ಸಂಸ್ಥೆ ‘ಚೈನಾ ಕ್ವಾರ್ಟರ್ಲಿ’ ಅನ್ನುವ ನಿಯತಕಾಲಿಕದ 315 ಬರಹಗಳನ್ನು ಆ ದೇಶದ ಓದುಗರಿಗೆ ಸಿಗದಂತೆ ಮಾಡಿತು. ಜಗತ್ತಿನ ವಿದ್ವಾಂಸರು ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಹಾಕಿತು. ನಮ್ಮ ದೇಶವನ್ನು ಬಿಟ್ಟು ಮಾತಾಡಿದರೆ ನ್ಯಾಯ ಆಗುವುದಿಲ್ಲ. 2022ರ ಮಾರ್ಚ್‌ನಲ್ಲಿ, ಮೂವತ್ತು ವರ್ಷ ಕೇರಳದ ಮೇಲೆ ಕೆಲಸ ಮಾಡಿದ್ದ ಬ್ರಿಟಿಷ್ ಮಾನವಶಾಸ್ತ್ರಜ್ಞರೊಬ್ಬರನ್ನು ತಿರುವನಂತಪುರ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳಿಸಿದರು. ಅವರು ಮೀನುಗಾರರ ಕುರಿತ ಒಂದು ಸಮ್ಮೇಳನಕ್ಕೆ ಬಂದಿದ್ದರು.

ಪ್ರೊಫೆಸರ್‌ಗೆ ವಿಮಾನ ಹತ್ತಿ ಹೋಗುವ ದಾರಿಯಾದರೂ ಇದೆ. ಅವರಿಗೆ ಮನೆಯಲ್ಲಿ ಚಹಾ ಕೊಟ್ಟು ಮಾತಾಡಿದವರು ಅಲ್ಲೇ ಇರಬೇಕಲ್ಲ? ಊರಿನ ಹೆಸರು, ಜನರ ಹೆಸರು ಬದಲಿಸುವುದು ಅದಕ್ಕೇ.

ಏಷ್ಯಾದ ಯಾವುದಾದರೂ ದೇಶದ ಬಗ್ಗೆ ಗಂಭೀರವಾಗಿ ಓದಬೇಕು ಅಂತ ಆಸೆ. ಇಂಗ್ಲಿಷ್ ಸಾಕಾ, ಇನ್ನೊಂದು ಭಾಷೆ ಕಲಿಯಬೇಕಾ? ಯಾವುದು ಸುಲಭ?
— ಇಂಜಿನಿಯರಿಂಗ್ ಬಿಟ್ಟು ಸಮಾಜಶಾಸ್ತ್ರಕ್ಕೆ ಬಂದವನು, ಹುಬ್ಬಳ್ಳಿ

ಇಂಗ್ಲಿಷ್ ಸಾಕಾಗುವುದಿಲ್ಲ. ಇಂಗ್ಲಿಷ್ ಬಲ್ಲವರ ಹತ್ತಿರ ಮಾತ್ರ ಮಾತಾಡಿ ಕರ್ನಾಟಕದ ಬಗ್ಗೆ ಪುಸ್ತಕ ಬರೆದವರನ್ನು ನೀವು ನಂಬುತ್ತೀರಾ? ಅವರಿಗೂ ಹಾಗೇ.

ಒಳ್ಳೆಯ ಸುದ್ದಿ ಏನೆಂದರೆ ಕನ್ನಡದವರಿಗೆ ಕೆಲವು ಅನುಕೂಲಗಳಿವೆ. ಕೊರಿಯನ್, ಜಪಾನಿ ವಾಕ್ಯ ನಮ್ಮ ವಾಕ್ಯದ ಹಾಗೇ ಹೋಗುತ್ತದೆ. ಯಾರು, ಏನನ್ನು, ಕೊನೆಗೆ ಕ್ರಿಯಾಪದ. ಪ್ರತ್ಯಯಗಳು ಪದದ ಹಿಂದೆ ಅಂಟಿಕೊಳ್ಳುತ್ತವೆ. ಹಿರಿಯರಿಗೆ ಬೇರೆ, ಕಿರಿಯರಿಗೆ ಬೇರೆ ಮಾತು. ಇಂಗ್ಲಿಷಿನವರು ವರ್ಷಗಟ್ಟಲೆ ಒದ್ದಾಡುವ ಕಡೆ ನಿಮಗೆ ಮನೆಯಲ್ಲೇ ಇದ್ದ ಹಾಗೆ ಅನಿಸುತ್ತದೆ. ಲಿಪಿ, ಪದ ಕಷ್ಟ, ಅದಕ್ಕೆ ಬೇರೆ ದಾರಿ ಇಲ್ಲ, ಕೂತು ಕಲಿಯಬೇಕು. ಶ್ರೀಲಂಕಾಕ್ಕೆ ಹೋಗುವುದಾದರೆ ತಮಿಳು, ಸಿಂಹಳ ಎರಡೂ ಬೇಕು. ಒಂದೇ ಕಲಿತು ಹೋದರೆ ಅರ್ಧ ದೇಶವೇ ಕೇಳಿಸುವುದಿಲ್ಲ.

ಬೇಗ ಶುರು ಮಾಡಬೇಕು ಅಂದರೆ ನಾನು ಇಂಡೋನೇಷ್ಯಾದ ಭಾಷೆ ಹೇಳುತ್ತೇನೆ. ರೋಮನ್ ಲಿಪಿ. ಕ್ರಿಯಾಪದಕ್ಕೆ ಕಾಲದ ರೂಪಗಳೇ ಇಲ್ಲ. ಜೊತೆಗೆ ಸಂಸ್ಕೃತದಿಂದ ಹೋದ ಪದಗಳು ತುಂಬ. ಭಾಷೆಗೆ ಅವರು ಅನ್ನುವುದು ‘ಬಹಾಸ’. ಹೆಂಡತಿ ‘ಇಸ್ತ್ರಿ’, ಅಂದರೆ ಸ್ತ್ರೀ. ಗಂಡ ‘ಸುಆಮಿ’, ಸ್ವಾಮಿ. ಸಚಿವ ‘ಮೆಂತ್ರಿ’. ಆದರೆ ಸುಲಭ ಅಂತ ಮೈಮರೆಯಬೇಡಿ. ಗೊತ್ತಿರುವ ಪದಗಳೇ ದಾರಿ ತಪ್ಪಿಸುತ್ತವೆ. ‘ನೆಗಾರ’ ನಮ್ಮ ನಗರ, ಅಲ್ಲಿ ಅದರ ಅರ್ಥ ದೇಶ. ‘ದೇಸ’ ನಮ್ಮ ದೇಶ, ಅಲ್ಲಿ ಅದರ ಅರ್ಥ ಹಳ್ಳಿ. ನೀವು ಅಲ್ಲಿನ ಯಾವ ಹಳ್ಳಿಗೆ ಕೆಲಸಕ್ಕೆ ಹೋದರೂ ಮೊದಲು ಊರಿನ ಮುಖ್ಯಸ್ಥರನ್ನು ಹೋಗಿ ಕಾಣಬೇಕು. ಅವರನ್ನು ‘ಕೆಪಾಲ ದೇಸ’ ಅನ್ನುತ್ತಾರೆ. ಕೆಪಾಲ ಅಂದರೆ ತಲೆ, ನಮ್ಮ ಕಪಾಲವೇ. ಅವರ ಮನೆ ಎಲ್ಲಿ ಅಂತ ಅವರ ಭಾಷೆಯಲ್ಲೇ ಕೇಳುವಷ್ಟು ಕಲಿತುಕೊಂಡು ಹೊರಡಿ.